ನೀರುಕಾಗೆಯ ಬೇಸಗೆ

ನೀರಿನ ಮೇಲೆ ಬದುಕುವ ನಮ್ಮ ಜಾತಿಯವರೆಲ್ಲ ಹುಟ್ಟುವುದು ನೆಲದ ಮೇಲೆ. ನಾನೂ ಹಾಗೆಯೇ. ಗಂಗೊಳ್ಳಿಯ ಹೊಳೆಬದಿಯ ಮರಳಿನಲ್ಲಿ, ತೆಂಗಿನ ಗರಿಯ ಚಪ್ಪರದಡಿ, ಅಣ್ಣಯ್ಯಾಚಾರ್ರ ಕೈಯಲ್ಲಿ ಹುಟ್ಟಿದ ಹಾಯಿದೋಣಿ ನಾನು. ಅಡಿಮರ ಕಿರಾಲ್ಬೋಗಿ, ಮೈಹಲಗೆ ಹೆಬ್ಬಲಸು, ಹಾಯಿಕಂಬ ಸುರಹೊನ್ನೆ. ಕುಲ ಹೇಳಿಕೊಂಡದ್ದು ಜಂಬಕ್ಕಲ್ಲ. ಸ್ವಲ್ಪ ಜಂಬವೂ ಇದೆ ಅನ್ನಿ.

ನನ್ನನ್ನು ಮಾಡಿಸಿದವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಒಬ್ಬ ಮಾಸ್ತರರು. ಕಾಗದದ ಮೇಲೆ ಚಿತ್ರ ಬರೆದುಕೊಂಡು ಬಂದಿದ್ದರು. ಚಿತ್ರದಲ್ಲಿ ನನ್ನ ಹೊಟ್ಟೆಯೊಳಗೊಂದು ಪುಟ್ಟ ಕೋಣೆ, ಇಬ್ಬರು ಕಾಲು ಮಡಚಿ ಮಲಗುವಷ್ಟು. ಅಣ್ಣಯ್ಯಾಚಾರ್ರು ಅದನ್ನು ನೋಡಿ, "ಮಲ್ಕಂಬುಕೆ ಮನಿ ಇಲ್ಯಾ ಮರ್ರೆ ನಿಮ್ಗೆ?" ಎಂದು ಕೇಳಿದ್ದರು. ಆದರೂ ಮಾಡಿಕೊಟ್ಟರು. ಹಲಗೆ ಹಲಗೆಯ ನಡುವೆ ಉಗುರು ತೂರುವಷ್ಟು ಸಂದು ಬಿಟ್ಟು, ಅದರೊಳಗೆ ಹತ್ತಿಯ ಹುರಿ ಹೊಡೆದು, ಮೇಲೆ ರಾಳ ಮೀನೆಣ್ಣೆ ಕಾಯಿಸಿ ಬಳಿದರು. "ಇಷ್ಟು ಸಂದು ಯಾಕೆ?" ಎಂದು ಮಾಸ್ತರರು ಕೇಳಿದಾಗ ಅವರು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: "ಮರ ನೀರ್ ಕುಡಿತ್, ಊದತ್. ಊದುಕೆ ಜಾಗ ಬಿಡ್ಕ್."

ಎಣ್ಣೆ ಕುಡಿದ ನನ್ನ ಮೈ ಕರ್ರಗೆ ಮಿನುಗುವುದನ್ನು ಕಂಡು ಆಚಾರ್ರು, "ಒಳ್ಳೆ ನೀರ್‌ಕಾಗಿ ಕಂಡಂಗೆ ಕಾಣತ್" ಎಂದು ನಕ್ಕರು. ಮಾಸ್ತರರಿಗೆ ಅದೇ ಹಿಡಿಸಿ, ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ 'ನೀರುಕಾಗೆ' ಎಂದು ಬರೆಸಿಬಿಟ್ಟರು. ಅಕ್ಕಪಕ್ಕದ ದೋಣಿಗಳೆಲ್ಲ ಜಲರಾಣಿ, ಕಡಲಕನ್ಯೆ. ನಾನೊಬ್ಬಳು ಕಾಗೆ! ಹಣೆಬರಹ ಎಂದುಕೊಂಡು ಸುಮ್ಮನಾದೆ.

ಮಾಸ್ತರರದು ಒಳ್ಳೆಯ ಮನಸ್ಸು, ಕೆಟ್ಟ ಹೊಟ್ಟೆ. ಹೊಳೆ ಕಡಲು ಸೇರುವ ಅಳಿವೆ ದಾಟಿದರೆ ಸಾಕು, ಬೆಳಗ್ಗೆ ತಿಂದದ್ದೆಲ್ಲ ಕಡಲಿನ ಪಾಲು. ನಾಲ್ಕು ಬೇಸಗೆ ಹೇಗೋ ಹಟ ಹಿಡಿದರು. ಆಮೇಲೆ ಘಟ್ಟದ ಮೇಲಿನ ಊರಿಗೆ ವರ್ಗವಾಯಿತು. ನನ್ನನ್ನು ಒಂದು ತೆಂಗಿನ ತೋಟದಲ್ಲಿ ಮಗುಚಿ, ಹರಕು ಟಾರ್ಪಾಲು ಹೊದಿಸಿ ಹೋದವರು ತಿರುಗಿ ಬರಲಿಲ್ಲ. ಆರು ವರ್ಷ ಹಾಗೆಯೇ ಬಿದ್ದಿದ್ದೆ. ತೋಟದವರ ಹೇಂಟೆಯೊಂದು ನನ್ನಡಿಯ ತಣ್ಣಗಿನ ಜಾಗದಲ್ಲಿ ಮೂರು ಸಲ ಮರಿ ಮಾಡಿತು. ಹಲಗೆಗಳೆಲ್ಲ ಒಣಗಿ ಕುಗ್ಗಿ, ಹತ್ತಿ ಉದುರಿ, ಸಂದುಗಳಲ್ಲಿ ಬಿಸಿಲಿನ ಗೆರೆಗಳು ಕಾಣುತ್ತಿದ್ದವು.

ಒಂದು ಜನವರಿಯ ಕೊನೆಗೆ ಭುಜಂಗಣ್ಣ ಬಂದರು. ಐವತ್ತೆಂಟು ವಯಸ್ಸು, ಗಟ್ಟಿ ಆಳು. ಬಗ್ಗಿ ನನ್ನೊಳಗೆ ಟಾರ್ಚು ಹಾಕಿ ನೋಡಿ, ತೋಟದವರನ್ನು ಕೇಳಿದ್ದು ಒಂದೇ ಪ್ರಶ್ನೆ.

"ಇದಕ್ಕೆ ಎಂಜಿನ್ ಇದೆಯಾ?"

"ಇಲ್ಲೆ."

"ಹಾಗಾದ್ರೆ ನಂಗೆ ಬೇಕು."

ಯಾಕೆಂದು ಆಮೇಲೆ ತಿಳಿಯಿತು. ಭುಜಂಗಣ್ಣ ಮೂವತ್ತು ವರ್ಷ ದೊಡ್ಡ ದೊಡ್ಡ ಹಡಗುಗಳಲ್ಲಿ ಎಂಜಿನಿಯರ್. ಹಿರಿಯರು ಈ ಕಡೆಯವರೇ ಆದರೂ ಅವರು ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ, ಮಾವನ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಗಂಗೊಳ್ಳಿಯ ಚಂದಕ್ಕನನ್ನು ಮದುವೆಯಾದರು, ಹೊಳೆದಂಡೆಯಲ್ಲಿ ಮನೆ ಕಟ್ಟಿಸಿದರು, ಮಗಳನ್ನು ಓದಿಸಿ ಬ್ರಹ್ಮಾವರಕ್ಕೆ ಮದುವೆ ಮಾಡಿ ಕೊಟ್ಟರು. ಆದರೆ ಮನೆಯಲ್ಲಿ ಇದ್ದದ್ದು ವರ್ಷಕ್ಕೆ ಎರಡು ತಿಂಗಳು. ಈಗ ನಿವೃತ್ತರಾಗಿ ಮೊದಲ ಸಲ ಎರಡು ತಿಂಗಳಿಗಿಂತ ಹೆಚ್ಚು ಮನೆಯಲ್ಲಿ ಕೂತಿದ್ದರು.

ಕೂತಿದ್ದರು ಎಂದೆನಲ್ಲ, ಅದು ತಪ್ಪು. ಅವರಿಗೆ ಕೂರಲು ಬರುತ್ತಿರಲಿಲ್ಲ. ಮನೆಯ ಪಕ್ಕದಲ್ಲೇ, ಚಂದಕ್ಕ ಮೀನು ಒಣಹಾಕುವ ಅಂಗಳದ ಅಂಚಿನಲ್ಲಿ ನನ್ನನ್ನು ತಂದಿಟ್ಟರು. ಅಲ್ಲಿಂದ ಅಡುಗೆಮನೆಯ ಬಾಗಿಲು ನೇರವಾಗಿ ಕಾಣುತ್ತಿತ್ತು. ಚಂದಕ್ಕನ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದರು. ಕುಕ್ಕರಿನ ಸೀಟಿಗೆ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದರು. ಪಂಪಿನ ನಟ್ಟು ಬಿಚ್ಚಿ ಕಟ್ಟಿದರು, ಬಿಚ್ಚಿ ಕಟ್ಟಿದರು. ದನಿಯಂತೂ ಎಂಜಿನ್ ಕೋಣೆಯ ದನಿ. ಉಪ್ಪು ಕೇಳಿದರೂ ಆಚೆ ದಡದ ಕೊಕ್ಕರೆ ಹಾರುತ್ತಿತ್ತು. ಚಂದಕ್ಕ ಮೂವತ್ತು ವರ್ಷ ಒಬ್ಬಳೇ ಮನೆ ನಡೆಸಿದ ಹೆಂಗಸು. "ಹ್ವಾಯ್, ನಾನೆಂತ ಕೆಪ್ಪಿಯಾ?" ಎಂದು ಒಂದು ದಿನ ಕೇಳಿಯೇಬಿಟ್ಟರು. ಅಂದಿನಿಂದ ಭುಜಂಗಣ್ಣ ಹಗಲೆಲ್ಲ ನನ್ನ ಜೊತೆ.

ಫೆಬ್ರವರಿಯಲ್ಲಿ ಹಡಗಿನ ಕಂಪನಿಯಿಂದ ಫೋನು ಬಂತು. ಚಂದಕ್ಕ ಅಂಗಳದಲ್ಲಿ ಮೀನು ಮಗುಚುತ್ತಿದ್ದರು. ಭುಜಂಗಣ್ಣ ಅಲ್ಲಿಗೇ ಬಂದು ನಿಂತರು.

"ಇನ್ನೊಂದು ಹಡಗಿಗೆ ಕರೀತಿದ್ದಾರೆ. ಹದಿನಾಲ್ಕು ತಿಂಗಳು. ಜೂನ್ ಒಂದನೇ ತಾರೀಕು ಹೌದೋ ಅಲ್ಲವೋ ಹೇಳಬೇಕಂತೆ."

"ಹೌದಾ," ಎಂದರು ಚಂದಕ್ಕ. ಮೀನು ಮಗುಚುವುದನ್ನು ನಿಲ್ಲಿಸಲಿಲ್ಲ.

ಭುಜಂಗಣ್ಣ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಬಂದು ನನ್ನ ಹಳೆಯ ಬಣ್ಣ ಕೆರೆಯತೊಡಗಿದರು. ಆ ಕೆರೆಯುವ ರಭಸ ನೋಡಿ ನನಗೆ ಅಯ್ಯೋ ಅನ್ನಿಸಿತು.

ಇಲ್ಲಿ ಒಂದು ಮಾತು ಹೇಳಬೇಕು. ಚಂದಕ್ಕನ ತವರಿನ ಹೆಂಗಸರಲ್ಲಿ ಒಂದು ನೇಮವಿತ್ತು. ಕಡಲಿಗೆ ಹೋಗುವ ಗಂಡಸನ್ನು 'ಯಾವಾಗ ಬಪ್ದ್', ಅಂದರೆ ಯಾವಾಗ ಬರುವುದು ಎಂದು, ಕೇಳಬಾರದು. ಕೇಳಿದರೆ ಕಡಲಿನ ಕಿವಿಗೆ ಬೀಳುತ್ತದೆ, ಹೋದವನು ಬರುವುದಿಲ್ಲ ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ಇದನ್ನು ನಾನು ಹುಟ್ಟುವಾಗಲೇ ಆಚಾರ್ರ ಚಪ್ಪರದಲ್ಲಿ ಕೇಳಿದ್ದೆ. ಮುಂಬೈಯಲ್ಲಿ ಬೆಳೆದ ಭುಜಂಗಣ್ಣನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಇನ್ನು ನನ್ನ ಪಾಡು ಕೇಳಿ. ನನ್ನ ಸಂದುಗಳನ್ನು ನೋಡಿ ಭುಜಂಗಣ್ಣನಿಗೆ ಮೈಯೆಲ್ಲ ಉರಿಯಿತು. ನೀರು ಒಳಗೆ ಬರುವ ಒಂದೇ ಒಂದು ದಾರಿ ಇದ್ದರೂ ಅವರ ಪ್ರಕಾರ ಅದು ಹಡಗೇ ಅಲ್ಲ. ಎರಡು ಡಬ್ಬಿ ಕಲಸಿ ಹಚ್ಚುವ, ಒಣಗಿದರೆ ಕಲ್ಲಾಗುವ ಅಂಟು ತಂದು, ಒಣಗಿ ಬಾಯಿಬಿಟ್ಟಿದ್ದ ಪ್ರತಿ ಸಂದಿಗೂ ತುಂಬತೊಡಗಿದರು.

ಚಂದಕ್ಕ ಕೈ ಒರೆಸಿಕೊಳ್ಳುತ್ತ ಬಂದರು. ಮೀನಿಗೆ ಉಪ್ಪು ಹಾಕಿಡುವ ತಮ್ಮ ಮರದ ಮರಿಗೆಯನ್ನು ತೋರಿಸಿ ಹೇಳಿದರು. "ಒಣಗಿರೆ ಮರಿಗೆಯೂ ಸೋರತ್. ನೀರ್ ತುಂಬ್ಸಿ ಎರಡ್ ದಿನ ಇಟ್ರೆ ತನ್ನಿಂದ ತಾನೇ ಸಮಾ ಆತ್ತ್. ಇದನ್ನೂ ಹಾಂಗೇ ಬಿಡಿ."

"ಮರಿಗೆಯಲ್ಲಿ ಯಾರೂ ಸಮುದ್ರಕ್ಕೆ ಹೋಗಲ್ಲ ಚಂದು."

"ನಿಮ್ಗೆ ಹೇಳೂದ್ ಒಂದೇ, ಕಲ್ಲಿಗ್ ಹೇಳೂದ್ ಒಂದೇ," ಎಂದು ಅವರು ಹೋದರು.

ಏಪ್ರಿಲ್ ಮೊದಲ ವಾರ ನನ್ನನ್ನು ನೀರಿಗೆ ಇಳಿಸಿದರು. ಆರು ವರ್ಷದ ಮೇಲೆ ನೀರು! ಆ ಸುಖ ಹೇಳಿ ಪ್ರಯೋಜನವಿಲ್ಲ. ಒಂದು ತೊಟ್ಟೂ ಒಳಗೆ ಬರಲಿಲ್ಲ. ಭುಜಂಗಣ್ಣ ದೋಣಿ ಕಟ್ಟುವ ದಕ್ಕೆಯಲ್ಲಿದ್ದವರನ್ನೆಲ್ಲ ಕರೆದು ನನ್ನ ಒಣಗಿದ ಹೊಟ್ಟೆ ತೋರಿಸಿದರು. ಎರಡನೆಯ ದಿನ ನನ್ನ ಹಲಗೆಗಳು ಕುಡಿಯತೊಡಗಿದವು. ಮೂರನೆಯ ದಿನ ಉಬ್ಬತೊಡಗಿದವು. ಉಬ್ಬಲು ಜಾಗವೆಲ್ಲಿದೆ? ಸಂದಿನ ತುಂಬ ಕಲ್ಲು. ಹಲಗೆ ಹಲಗೆಯನ್ನು ತಳ್ಳಿತು, ಮೊಳೆಗಳು ನರಳಿದವು. ನೋವಿನಲ್ಲಿ ನಾನು ಕಿರಗುಟ್ಟುತ್ತಿದ್ದರೆ ಅವರು ಹಗ್ಗದ ಸದ್ದೆಂದುಕೊಂಡರು. ಐದನೆಯ ದಿನ ಬೆಳಗ್ಗೆ, ಮೀನು ಹರಾಜಿಗೆ ಊರೆಲ್ಲ ಸೇರಿದ್ದ ಹೊತ್ತಿನಲ್ಲಿ, ಪಟ್ ಪಟ್ ಎಂದು ನನ್ನ ಎರಡು ಪಕ್ಕೆಲುಬು ಮುರಿದವು. ಒಂದು ಹಲಗೆ ಮೊಳೆ ಸಮೇತ ಕಿತ್ತು ಬಂತು. ಎಲ್ಲರೂ ನೋಡುತ್ತಿದ್ದಂತೆ ದಕ್ಕೆಯ ಪಕ್ಕದಲ್ಲೇ ಕುತ್ತಿಗೆವರೆಗೆ ಮುಳುಗಿದೆ.

"ಎಂಜಿನಿಯರ್ರ ದೋಣಿ ಅಲ್ದಾ, ಸಬ್‌ಮರೀನ್ ಆಯ್ತ್ ಕಾಣಿ!" ಎಂದು ಯಾರೋ ಕೂಗಿದರು. ದಕ್ಕೆಯೆಲ್ಲ ನಕ್ಕಿತು.

ಭುಜಂಗಣ್ಣ ನಗಲಿಲ್ಲ, ಬಯ್ಯಲೂ ಇಲ್ಲ. ನಾಲ್ಕು ಜನ ಸೇರಿ ನನ್ನನ್ನು ಎಳೆದು ಅಂಗಳಕ್ಕೆ ತಂದಮೇಲೆ ನನ್ನ ಮುರಿದ ಪಕ್ಕೆಲುಬಿನ ಮೇಲೆ ಕೈಯಿಟ್ಟು ಕೂತರು. ಚಂದಕ್ಕನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಮೊದಲ ಸಲ ಮೆಲ್ಲಗೆ, "ನಂಗೆ ಗೊತ್ತಿರೋದು ಅಲ್ಲಿನ ಕೆಲಸ ಮಾತ್ರ. ಹೋಗ್ತೇನೆ ಅಂತ ಹೇಳಿಬಿಡ್ತೇನೆ," ಎಂದರು.

ಮಾರನೆಯ ಬೆಳಗ್ಗೆ ನೋಡುತ್ತೇನೆ, ಚಂದಕ್ಕ ಹಳೆಯ ಕತ್ತಿಯೊಂದರ ತುದಿ ಬಗ್ಗಿಸಿಕೊಂಡು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಕಲ್ಲಾದ ಅಂಟನ್ನು ಕೆರೆದು ತೆಗೆಯುತ್ತಿದ್ದಾರೆ. ಒಂದು ಗೇಣು ಸಂದಿಗೆ ಅರ್ಧ ಗಂಟೆ. ಭುಜಂಗಣ್ಣ ಚಾ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡಿದರು. ಲೋಟ ಕೆಳಗಿಟ್ಟರು. ಒಳಗೆ ಹೋಗಿ ಒಂದು ಉಳಿ ತಂದು ನನ್ನ ಆಚೆ ಮಗ್ಗುಲಲ್ಲಿ ಕೂತರು. ಒಂಬತ್ತು ದಿನ ಇಬ್ಬರೂ ಹೀಗೆ ನನ್ನ ಎರಡು ಬದಿಯಲ್ಲಿ ಕೂತು ಕೆರೆದರು. ನಡುವೆ ನಾನು. ಮಾತು ಕಡಿಮೆ. ಆದರೆ ಕತ್ತಿ ನಿಂತರೆ ಉಳಿಯೂ ನಿಲ್ಲುತ್ತಿತ್ತು, ನೀರು ಕುಡಿಯಲು ಒಟ್ಟಿಗೇ ಏಳುತ್ತಿದ್ದರು.

ಹತ್ತನೆಯ ದಿನ ಅಣ್ಣಯ್ಯಾಚಾರ್ರನ್ನು ರಿಕ್ಷಾದಲ್ಲಿ ಕರೆತಂದರು. ನನ್ನಪ್ಪನಿಗೆ ಎಂಬತ್ತಾಗಿತ್ತು, ಕಣ್ಣು ಮಂಜಾಗಿತ್ತು. ಕುರ್ಚಿಯಲ್ಲಿ ಕೂತು ಸಣ್ಣ ಸುತ್ತಿಗೆಯಿಂದ ನನ್ನನ್ನು ಕುಟ್ಟಿಸಿ ಕೇಳಿದರು. "ಇದ್ ಗಟ್ಟಿ ಇತ್ತ್. ಇದ್ ಸತ್ತಿದ್, ತೆಗೀರಿ." ಎಲ್ಲಿ ಹೊಸ ಮರ ಕೂರಿಸಬೇಕು, ಹತ್ತಿಯ ಹುರಿಯನ್ನು ಎಷ್ಟು ಬಿಗಿ ಹೊಡೆಯಬೇಕು ಎಲ್ಲ ಕಿವಿಯಲ್ಲೇ ಅಳೆದರು. ಭುಜಂಗಣ್ಣ ಹೊಡೆಯುವಾಗ "ಸಾಕ್, ಸಾಕ್! ಅದ್ಕೆ ಉಸ್ರ್ ಬಿಡುಕೆ ಜಾಗ ಬೇಡ್ದಾ?" ಎಂದು ಗದರಿದರು. ಮೂವತ್ತು ವರ್ಷ ಬಿಗಿ ಮಾಡುವುದನ್ನೇ ಕಲಿತ ಕೈ. ಸಡಿಲ ಬಿಡುವುದನ್ನು ಕಲಿಯಲು ಒಂದು ವಾರ ಹಿಡಿಯಿತು.

ಕೊನೆಗೆ ಆಚಾರ್ರ ಅಪ್ಪಣೆಯಂತೆ, ಕಲ್ಲು ಹೇರಿ ನನ್ನನ್ನು ಹೊಳೆಯ ಅಂಚಿನಲ್ಲಿ ಬೇಕೆಂದೇ ಮುಳುಗಿಸಿದರು. ಮೂರು ದಿನ ನೀರು ಕುಡಿಯಲಿ ಎಂದು. ಭುಜಂಗಣ್ಣನಿಗೆ ಜೀವ ಹೋದಂತಾಯಿತು. ಮುಳುಗಿದ ದೋಣಿಯ ಎದುರು ದಡದಲ್ಲಿ ಅತ್ತಿಂದಿತ್ತ ತಿರುಗಿದರು.

"ಮೂರು ದಿನ ಸುಮ್ಮನೆ ನೋಡ್ತಾ ಕೂರೋದಾ?"

"ನಾನ್ ಮೂವತ್ತ್ ವರ್ಷ ಕೂಕಂಡಿದೆ," ಎಂದರು ಚಂದಕ್ಕ. "ಕೂಕಣಿ. ಎಂತ ಆತ್ತಿಲ್ಲೆ."

ಭುಜಂಗಣ್ಣ ಕೂತರು. ಮೂರು ದಿನವೂ ಕೂತರು. ನಾಲ್ಕನೆಯ ದಿನ ಕಲ್ಲು ಇಳಿಸಿ ನೀರು ಮೊಗೆದು ಹಾಕಿದಾಗ ನನ್ನ ಹಲಗೆಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಚಂದಕ್ಕನ ಮರಿಗೆಯ ಹಾಗೆಯೇ.

ಆಮೇಲೆ ನಮ್ಮದೊಂದು ಬೇಸಗೆ ಬಂತು ನೋಡಿ. ಏಪ್ರಿಲ್ ಕೊನೆಯಿಂದ ಮೇ ಪೂರ್ತಿ. ಚಂದಕ್ಕ ಮೀನುಗಾರರ ಮನೆಯಲ್ಲಿ ಹುಟ್ಟಿದರೂ ದೋಣಿ ಹತ್ತಿದವರಲ್ಲ. ಅವರ ಕಾಲದಲ್ಲಿ ಹೆಂಗಸರ ಕೆಲಸ ದಡದಲ್ಲೇ ಇತ್ತು. ಮೊದಲ ದಿನ ನನ್ನ ಅಂಚು ಹಿಡಿದು ರಾಮ ರಾಮ ಎಂದರು. ನಾಲ್ಕನೆಯ ದಿನ ಚುಕ್ಕಾಣಿ ಅವರ ಕೈಯಲ್ಲಿತ್ತು. ಮೀನು ಒಣಗಿಸುವವರಿಗೆ ಗಾಳಿಯ ಪರಿಚಯ ಮಾಡಿಸಬೇಕೇ? ಬೆಳಗ್ಗೆ ಮೂಡುಗಾಳಿ ಯಾವಾಗ ಸಾಯುತ್ತದೆ, ಮಧ್ಯಾಹ್ನದ ಪಡುಗಾಳಿ ಯಾವಾಗ ಏಳುತ್ತದೆ ಎಂಬುದು ಅವರ ಕೆನ್ನೆಗೇ ಗೊತ್ತಿತ್ತು. ಭುಜಂಗಣ್ಣ ಮಾತ್ರ ಮಾತುಮಾತಿಗೆ ಕಾಲಡಿಯನ್ನೇ ನೋಡುತ್ತಿದ್ದರು, ಅಲ್ಲೆಲ್ಲೋ ಎಂಜಿನ್ ಇದ್ದಂತೆ. "ಮೇಲೆ ಕಾಣಿ ಮರ್ರೆ, ಹಾಯಿ ಮೇಲಿತ್ತ್!" ಎಂದು ಚಂದಕ್ಕ ಗದರುತ್ತಿದ್ದರು.

ನನ್ನ ಚಾಕರಿಯೂ ಕಮ್ಮಿಯದಲ್ಲ. ವಾರಕ್ಕೊಮ್ಮೆ ಇಳಿತದ ಹೊತ್ತಿಗೆ ಮರಳಿನ ಮೇಲೆ ಮಲಗಿಸಿ ಹೊಟ್ಟೆಗೆ ಅಂಟಿದ ಚಿಪ್ಪು ಕೆರೆಯಬೇಕು, ಎಣ್ಣೆ ತಿಕ್ಕಬೇಕು. ಹಾಯಿ ಹರಿದರೆ ಚಂದಕ್ಕ ಹೊಲಿಗೆ ಯಂತ್ರವನ್ನೇ ಅಂಗಳಕ್ಕೆ ತರುತ್ತಿದ್ದರು, ಭುಜಂಗಣ್ಣ ಬಟ್ಟೆ ಎಳೆದು ಹಿಡಿಯುತ್ತಿದ್ದರು. ಬುತ್ತಿಗಂಜಿ, ಉಪ್ಪಿನಕಾಯಿ, ಸುಟ್ಟ ಒಣಮೀನು ಕಟ್ಟಿಕೊಂಡು ಐದು ಹೊಳೆ ಸೇರುವ ಆ ನೀರಿನಲ್ಲಿ ಕುದುರು ಎನ್ನುವ ನಡುಗಡ್ಡೆಗಳ ಸುತ್ತ ಅಲೆದೆವು. ಅಳಿವೆ ದಾಟಿ ಕಡಲಿಗೂ ಹೋದೆವು.

ಒಂದು ಮಧ್ಯಾಹ್ನ ಮರವಂತೆಯ ಎದುರು ಕಡಲಿನಲ್ಲಿ ಗಾಳಿ ಪೂರ್ತಿ ನಿಂತುಬಿಟ್ಟಿತು. ಹಾಯಿ ಜೋತುಬಿತ್ತು. ಭುಜಂಗಣ್ಣನ ಕೈಬೆರಳುಗಳು ಏನನ್ನೋ ತಿರುಗಿಸಲು ಹುಡುಕಿದವು. ಚಂದಕ್ಕ ಸೆರಗನ್ನು ತಲೆಗೆ ಹೊದ್ದು ನನ್ನ ಅಂಚಿಗೆ ಒರಗಿದರು. "ಗಾಳಿ ಬಪ್ಪುದ್ ಬತ್ತ್. ಅಲ್ಲಿವರಿಗ್ ಎಂತಾರೂ ಹೇಳಿ."

ಭುಜಂಗಣ್ಣ ಹೇಳಿದರು. ಮೂವತ್ತು ವರ್ಷ ಕಡಲಿನ ಮೇಲಿದ್ದರೂ ಕಡಲನ್ನು ನೋಡಿದ್ದು ಕಡಿಮೆ ಎಂದು. ಎಂಜಿನ್ ಕೋಣೆಗೆ ಕಿಟಕಿಯೇ ಇಲ್ಲ, ಹೊರಗೆ ಹಗಲೋ ಮಳೆಯೋ ಕೂಡ ತಿಳಿಯುತ್ತಿರಲಿಲ್ಲ ಎಂದು. ಚಂದಕ್ಕ ತಟ್ಟನೆ ಎದ್ದು ಕೂತರು.

"ಕಿಟ್ಕಿಯೇ ಇಲ್ಯಾ? ನಾನಿಲ್ಲಿ ದಿನಾ ಸಂಜಿಗೆ ಒದ್ದಿ ಬಟ್ಟಿ ಎತ್ತಿ ಹಿಡ್ದ್ ಗಾಳಿ ಕಾಣ್ತಿದ್ದೆ. ಇವತ್ತ್ ಒಳ್ಳೆ ಗಾಳಿ, ನಿಮ್ ಹಡಗ್ ಬೇಗ ಹೋತ್ತ್ ಅಂದೇಳಿ."

"ನಮ್ಮ ಹಡಗಿಗೆ ಗಾಳಿ ಬೇಕಾಗಿಲ್ಲ ಚಂದು. ಅದು ಎಂಜಿನಲ್ಲಿ ಹೋಗೋದು."

"ಅದ್ ನಂಗೆಂತ ಗೊತ್ತ್!"

ಇಬ್ಬರೂ ನಕ್ಕರು. ನಗುತ್ತ ನಗುತ್ತ ಭುಜಂಗಣ್ಣ ಹೆಂಡತಿಯ ಮುಖಕ್ಕೆ ತಿರುಗಿದರು. ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹಾಳಾದ ಗಾಳಿ ಬಂದುಬಿಟ್ಟಿತು, ಇಬ್ಬರೂ ಹಗ್ಗಕ್ಕೆ ಕೈ ಹಾಕಿದರು. ಜೀವಮಾನದಲ್ಲಿ ಗಾಳಿಯನ್ನು ನಾನು ಬೈದದ್ದು ಆ ಒಂದೇ ಸಲ.

ಮೇ ಮುಗಿಯಿತು. ಪಡುವಣದಲ್ಲಿ ಮೋಡ ಕಟ್ಟಿತು, ಊರಿನ ದೋಣಿಗಳೆಲ್ಲ ಒಂದೊಂದಾಗಿ ದಡಕ್ಕೆ ಬಂದವು. ಮೇ ಮೂವತ್ತೊಂದರ ಬೆಳಗ್ಗೆ ನನ್ನನ್ನೂ ಎಳೆದು ಅಂಗಳಕ್ಕೆ ತಂದರು. ಜಗಲಿಯ ಮೇಲೆ ನೀಲಿ ಸೂಟ್‌ಕೇಸು ತೆರೆದಿತ್ತು. ಪ್ರತಿ ಸಲದಂತೆ ಚಂದಕ್ಕ ಅದರೊಳಗೆ ಮಾವಿನ ಮಿಡಿಯ ಭರಣಿ, ಒಣ ಸಿಗಡಿಯ ಚಟ್ನಿಪುಡಿ, ಇಸ್ತ್ರಿ ಮಾಡಿದ ಪಂಚೆ ಇಟ್ಟಿದ್ದರು. ಭುಜಂಗಣ್ಣ ಅದನ್ನು ನೋಡಿದರು. ಮುಖ ಸಣ್ಣದಾಯಿತು. ಕಳಿಸುವುದೆಂದು ಇವಳು ತೀರ್ಮಾನಿಸಿದ್ದಾಳೆ ಎಂದುಕೊಂಡರು. ಗಂಡ ಹೋಗುವುದೇ ಖಂಡಿತ ಎಂದುಕೊಂಡು ಚಂದಕ್ಕ ಕಟ್ಟಿದ್ದು. ನಾನು ಮರ, ನನಗೂ ಕಂಡದ್ದು ಈ ಇಬ್ಬರು ಮನುಷ್ಯರಿಗೆ ಕಾಣಲಿಲ್ಲವಲ್ಲ ಎಂದು ಸಂಕಟವಾಯಿತು.

ಮಳೆಗೆ ನನ್ನ ಮೇಲೆ ಹೆಣೆದ ತೆಂಗಿನ ಗರಿಯ ಮಡ್ಲು ಹೊದಿಸತೊಡಗಿದರು. ಈಚೆಯಿಂದ ಚಂದಕ್ಕ ಹಗ್ಗ ಎಸೆಯುವುದು, ಆಚೆಯಿಂದ ಭುಜಂಗಣ್ಣ ಎಳೆದು ಕಟ್ಟುವುದು. ಕೊನೆಯ ಹಗ್ಗ ಚಂದಕ್ಕನ ಕೈಯಲ್ಲೇ ಉಳಿಯಿತು.

"ಹ್ವಾಯ್."

"ಏನು?"

"ಯಾವಾಗ ಬಪ್ದ್?"

ಭುಜಂಗಣ್ಣ ಕಟ್ಟುವುದನ್ನು ನಿಲ್ಲಿಸಿದರು. "ಏನಂದೆ?"

"ಹೋದ್ರೆ, ಯಾವಾಗ ಬಪ್ದ್ ಅಂದೆ." ಚಂದಕ್ಕ ಹಗ್ಗವನ್ನು ಕೈಗೆ ಸುತ್ತಿಕೊಂಡರು.

"ಮೂವತ್ತು ವರ್ಷ," ಎಂದರು ಭುಜಂಗಣ್ಣ. "ಮೂವತ್ತು ವರ್ಷ ನೀನು ಇದನ್ನ ಒಂದು ಸಲ ಕೇಳಿಲ್ಲ. ಪ್ರತಿ ಸಲ ಪೆಟ್ಟಿಗೆ ಹಿಡ್ಕೊಂಡು ಬಾಗಿಲಲ್ಲಿ ನಿಲ್ತಿದ್ದೆ. ಈಗ ಕೇಳ್ತಾಳೆ, ಈಗ ಕೇಳ್ತಾಳೆ ಅಂತ. ನಾನು ಬಂದ್ರೂ ಅಷ್ಟೇ, ಬರದಿದ್ರೂ ಅಷ್ಟೇ ನಿಂಗೆ ಅಂದ್ಕೊಂಡಿದ್ದೆ."

"ಅಯ್ಯೋ ದೇವ್ರೇ!" ಚಂದಕ್ಕ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟರು. "ಕೇಳ್ರೆ ಬಪ್ದಿಲ್ಲ ಅಂಬ್ರ್ ನಮ್ಮಲ್ಲಿ! ನೀವ್ ಬರ್ಕ್ ಅಂದೇಳಿಯೇ ನಾಲ್ಗಿ ಕಚ್ಕಂಡ್ ನಿಂತದ್!"

ಭುಜಂಗಣ್ಣ ನನ್ನ ಮೂತಿಯನ್ನು ಸುತ್ತಿ ಈಚೆ ಬಂದರು. "ಹಾಗಾದ್ರೆ ಇವತ್ತು ಯಾಕೆ ಕೇಳಿದೆ?"

ಚಂದಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಕೇಳ್ರೆ ನೀವ್ ಹೋಪ್ದೇ ಇಲ್ಯೇನೋ ಅಂದೇಳಿ."

ಭುಜಂಗಣ್ಣ ಅವರ ಪಕ್ಕದಲ್ಲಿ ಕೂತರು. ಹುಟ್ಟಿದಂದಿನಿಂದ ಒಮ್ಮೆಯೂ ಆಡದ ಈ ಊರಿನ ಮಾತಿನಲ್ಲಿ ಹೇಳಿದರು: "ಹೋದ್ರೆ ಅಲ್ದಾ ಬಪ್ದ್?"

ಮಾರನೆಯ ದಿನ ಕಂಪನಿಗೆ ಫೋನು ಹೋಯಿತು. ಆ ದನಿ ಹೊಳೆಯ ಆಚೆ ದಡಕ್ಕೂ ಕೇಳಿತು, ಕೊಕ್ಕರೆ ಹಾರಿತು. ಮಿಡಿಯ ಭರಣಿಯನ್ನು ಮಧ್ಯಾಹ್ನದ ಗಂಜಿಗೆ ತೆರೆದರು.

ಅದಾದಮೇಲೆ ಹನ್ನೊಂದು ಬೇಸಗೆ ನಾವು ಮೂವರೂ ನೀರಿಗೆ ಇಳಿದೆವು. ಅಣ್ಣಯ್ಯಾಚಾರ್ರು ಹೋದರು. ಭುಜಂಗಣ್ಣನ ಮಂಡಿ ಹಿಡಿಯಿತು, ಚಂದಕ್ಕನ ತಲೆ ನೆರೆಯಿತು, ನನ್ನ ಅಡಿಮರಕ್ಕೆ ಹುಳ ಬಿತ್ತು. ಹೋದ ವರ್ಷ ಆಚಾರ್ರ ಮಗ ಬಂದು ಕುಟ್ಟಿ ನೋಡಿ ತಲೆಯಾಡಿಸಿದ. ಈಗ ನಾನು ಅಂಗಳದ ಅಂಚಿನಲ್ಲಿ ಮಲಗಿದ್ದೇನೆ, ಮಲ್ಲಿಗೆ ಬಳ್ಳಿಯೊಂದು ನನ್ನ ಹಾಯಿಕಂಬಕ್ಕೆ ಹಬ್ಬಿದೆ.

ಬೇಸರವಿಲ್ಲ. ದಿನಾ ನೋಡಲು ಒಂದು ತಮಾಷೆಯಿದೆ. ಭುಜಂಗಣ್ಣ ಚೀಲ ಹಿಡಿದು ಅಂಗಡಿಗೆ ಹೊರಟರೂ ಸಾಕು, ಚಂದಕ್ಕ ಬಾಗಿಲಿಗೆ ಬಂದು ಕೇರಿಗೆಲ್ಲ ಕೇಳುವಂತೆ, "ಹ್ವಾಯ್, ಯಾವಾಗ ಬಪ್ದ್?" ಎನ್ನುತ್ತಾರೆ. ಅವರು ಗಡಿಯಾರ ನೋಡಿ, "ಹನ್ನೊಂದೂ ಇಪ್ಪತ್ತು!" ಎಂದು ಕೂಗುತ್ತಾರೆ. ಹನ್ನೊಂದೂ ಕಾಲಿಗೇ ಬಂದುಬಿಡುತ್ತಾರೆ. ಕೇಳದೆ ಬಿಟ್ಟ ಮೂವತ್ತು ವರ್ಷದ್ದನ್ನೂ ಸೇರಿಸಿ ಕೇಳಿಕೊಳ್ಳುತ್ತಿದ್ದಾರೆ ಎಂದು ಕೇರಿಯವರು ನಗುತ್ತಾರೆ.

ಚಂದಕ್ಕ ದಿನಾ ಬೆಳಗ್ಗೆ ಮಲ್ಲಿಗೆಗೆ ನೀರು ಹಾಕಿ, ಎರಡು ಕೊಡ ನನ್ನ ಮೈಮೇಲೂ ಸುರಿಯುತ್ತಾರೆ, ಹಲಗೆ ಒಣಗದಿರಲಿ ಎಂದು. ಇನ್ನು ನೀರಿಗಿಳಿಯದ ದೋಣಿಗೆ ಇದೆಲ್ಲ ಯಾಕೆ ಎಂದು ಆಚಾರ್ರ ಮಗ ಕೇಳಿದ್ದ. ಚಂದಕ್ಕ ಇನ್ನೊಂದು ಕೊಡ ಸುರಿದರು. ಕೊನೆಯ ಸಲ ನನ್ನನ್ನು ನೀರಿನಿಂದ ಎಳೆದು ತಂದ ದಿನ ಎಲ್ಲರೂ ಹೋದಮೇಲೆ ಅವರು ನನ್ನ ಮೂತಿಯ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತಿದ್ದರು. ಇನ್ನು ಯಾವಾಗ ನೀರಿಗೆ ಎಂದು ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ನಾಲಗೆ ಕಚ್ಚಿಕೊಂಡು ನಿಂತಿದ್ದರು, ಹಿಂದೆ ಮೂವತ್ತು ವರ್ಷ ಗಂಡನಿಗಾಗಿ ನಿಲ್ಲುತ್ತಿದ್ದ ಹಾಗೆಯೇ.

ನಾನು ತಿರುಗಿ ನೀರಿಗೆ ಬರಬೇಕೆಂದು ಅವರಿಗೆ ಆಸೆ ಇದೆ.